ಅರ್ಬನ್ ಡಿಸೈನ್ ಓದಲು ಅರ್ಜಿ ಹಾಕುವವರಿಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿವರ್ಷ ಆಗಸ್ಟ್ ಬಂತೆಂದರೆ ನನಗೆ ಫೋನು ಬರಲು ಶುರುವಾಗುತ್ತವೆ. ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಕೊನೆಯ ವರ್ಷದಲ್ಲಿರುವವರು, ಮುಗಿಸಿ ಯಾವುದೋ ಆಫೀಸಿನಲ್ಲಿ ಎರಡು ವರ್ಷ ದುಡಿದವರು, ಒಮ್ಮೊಮ್ಮೆ ಅವರ ಅಪ್ಪ-ಅವ್ವ. ನಾನು ಹುಟ್ಟಿ ಬೆಳೆದದ್ದು ಹಳೇ ಹುಬ್ಬಳ್ಳಿಯಲ್ಲಿ. ಹೊರಗೆ ಹೋಗಿ ಅರ್ಬನ್ ಡಿಸೈನ್ ಓದಿ ಬಂದು ಈಗ ಇಲ್ಲೇ ಕೆಲಸ ಮಾಡುತ್ತೇನೆ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟರೆ, ಕೇಳಲು ಸಂಕೋಚಪಡುವವರಿಗೂ ಸಿಗುತ್ತದೆ ಅನ್ನಿಸಿತು.

ಅರ್ಬನ್ ಡಿಸೈನ್ ಅಂದರೆ ಏನು? ಪ್ಲಾನಿಂಗ್ ಬೇರೆಯೇ?

ಬೇರೆ. ನಮ್ಮ ಪಿ.ಬಿ. ರೋಡನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್ ಚಿಗರಿ ಬಸ್ಸಿಗೆ ಪ್ರತ್ಯೇಕ ದಾರಿ ಬೇಕು, ರಸ್ತೆಯ ಅಕ್ಕಪಕ್ಕದ ಭೂಮಿ ವಸತಿಗೋ ವ್ಯಾಪಾರಕ್ಕೋ ಎಂದು ತೀರ್ಮಾನಿಸುವುದು ಪ್ಲಾನಿಂಗ್. ರಸ್ತೆಗೆ ಮುಖ ಮಾಡಿದ ಒಂದು ಕಟ್ಟಡವನ್ನು ರೂಪಿಸುವುದು ಆರ್ಕಿಟೆಕ್ಚರ್. ಇವೆರಡರ ನಡುವೆ ಉಳಿಯುವ ಜಾಗದ ಕೆಲಸ ಅರ್ಬನ್ ಡಿಸೈನ್‌ನದು. ಚಿಗರಿ ನಿಲ್ದಾಣ ರಸ್ತೆಯ ನಟ್ಟನಡುವೆ ಇದೆ. ಕೈಯಲ್ಲಿ ಚೀಲ ಹಿಡಿದ ಅಜ್ಜಿ ಬಸ್ಸಿಳಿದು ಫುಟ್‌ಪಾತ್ ಮುಟ್ಟುವವರೆಗೆ ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ, ಅಲ್ಲಿ ಮರ ಇದೆಯೇ, ಫುಟ್‌ಪಾತಿನ ಎತ್ತರ ಅವಳ ಮೊಣಕಾಲಿಗೆ ಒಗ್ಗುತ್ತದೆಯೇ, ಅಂಗಡಿಯ ಮೆಟ್ಟಿಲು ಆ ಫುಟ್‌ಪಾತನ್ನೇ ನುಂಗಿದೆಯೇ, ಇದೆಲ್ಲ ನಮ್ಮ ಪಾಲಿನ ಪ್ರಶ್ನೆ.

ಇದು ಒಂದು ಓದಾಗಿ ರೂಪುಗೊಂಡು ಬಹಳ ಕಾಲವಾಗಿಲ್ಲ. 1956ರಲ್ಲಿ ಹಾರ್ವರ್ಡ್‌ನಲ್ಲಿ ಹೋಸೆ ಲೂಯಿಸ್ ಸರ್ಟ್ ಮುಂದಾಳುತನದಲ್ಲಿ ಈ ಹೆಸರಿನ ಮೊದಲ ಸಮ್ಮೇಳನ ನಡೆಯಿತು, 1960ರಲ್ಲಿ ಅಲ್ಲಿ ಕೋರ್ಸ್ ಶುರುವಾಯಿತು. ಕಟ್ಟಡ ಮತ್ತು ನಕ್ಷೆಯ ನಡುವೆ ಬೀದಿ ಅನಾಥವಾಗುತ್ತಿದೆ ಎಂಬ ಚಿಂತೆ ಅದರ ಹಿಂದಿತ್ತು. ಆ ಚಿಂತೆ ಇವತ್ತು ಹುಬ್ಬಳ್ಳಿಗೆ ಬಂದು ನಿಂತಿದೆ ಎಂದು ನಾನು ನಂಬುತ್ತೇನೆ.

ಯಾರು ಅರ್ಜಿ ಹಾಕಬಹುದು? ನಾನು ಸಿವಿಲ್ ಎಂಜಿನಿಯರಿಂಗ್ ಮಾಡಿದ್ದೇನೆ.

ನಮ್ಮ ದೇಶದಲ್ಲಿ ಅರ್ಬನ್ ಡಿಸೈನ್‌ನ ಎಂ.ಆರ್ಕ್‌ಗೆ ಐದು ವರ್ಷದ ಬಿ.ಆರ್ಕ್ ಬೇಕು. ಸಿವಿಲ್ ಮಾಡಿದವರಿಗೆ ಎಂ.ಪ್ಲಾನ್ (ಪ್ಲಾನಿಂಗ್‌ನ ಸ್ನಾತಕೋತ್ತರ ಪದವಿ) ಬಾಗಿಲು ತೆರೆದಿದೆ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವರನ್ನೂ ಹಲವು ಪ್ಲಾನಿಂಗ್ ಕೋರ್ಸುಗಳು ತೆಗೆದುಕೊಳ್ಳುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದವರು ಈ ದಾರಿಯ ಬಗ್ಗೆ ಕೇಳಿಯೇ ಇರುವುದಿಲ್ಲ, ನನಗೆ ಅದೊಂದು ಬೇಸರ. ಬ್ರಿಟನ್ನಿನ ಕೆಲವು ಅರ್ಬನ್ ಡಿಸೈನ್ ಕೋರ್ಸುಗಳು ಸಿವಿಲ್, ಪ್ಲಾನಿಂಗ್, ಲ್ಯಾಂಡ್‌ಸ್ಕೇಪ್ ಹಿನ್ನೆಲೆಯವರನ್ನೂ ಸೇರಿಸಿಕೊಳ್ಳುತ್ತವೆ, ಆದರೆ ಚಿತ್ರ ಬಿಡಿಸುವ ಕೈ ಇದೆ ಎಂದು ಪೋರ್ಟ್‌ಫೋಲಿಯೊದಲ್ಲಿ (ನಿಮ್ಮ ಕೆಲಸಗಳ ಸಂಗ್ರಹದಲ್ಲಿ) ತೋರಿಸಬೇಕಾಗುತ್ತದೆ.

ನಮ್ಮ ದೇಶದಲ್ಲಿ ಎಲ್ಲೆಲ್ಲಿ ಇದೆ?

ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ (ಎಲ್ಲರೂ ಎಸ್‌ಪಿಎ ಅನ್ನುವುದು) ಅರ್ಬನ್ ಡಿಸೈನ್ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಇದೆ. ಬಿ.ವಿ. ದೋಶಿ 1962ರಲ್ಲಿ ಕಟ್ಟಿದ ಶಾಲೆಯಿಂದ ಬೆಳೆದದ್ದು ಅದು. ಮುಂಬೈಯ ಕಮಲಾ ರಹೇಜಾ ಸಂಸ್ಥೆಯಲ್ಲಿದೆ, ಬೆಂಗಳೂರಿನ ಕೆಲವು ಕಾಲೇಜುಗಳಲ್ಲೂ ಇದೆ. ಖರಗಪುರ ಮತ್ತು ರೂರ್ಕಿ ಐಐಟಿಗಳಲ್ಲಿ ನಗರ ಯೋಜನೆಯ ಸ್ನಾತಕೋತ್ತರ ಕೋರ್ಸುಗಳಿವೆ, ಅವು ಪ್ಲಾನಿಂಗ್ ಕಡೆಗೆ ವಾಲಿದವು.

ನಮ್ಮೂರಲ್ಲೇ ಐಐಟಿ ಇದೆಯಲ್ಲ ಎಂದು ಧಾರವಾಡದವರು ಕೇಳುತ್ತಾರೆ. ಅಲ್ಲಿ ಆರ್ಕಿಟೆಕ್ಚರ್ ವಿಭಾಗ ಇಲ್ಲ. ಹುಬ್ಬಳ್ಳಿಯಲ್ಲಿ ಬಿ.ಆರ್ಕ್ ಓದಬಹುದು. ಅರ್ಬನ್ ಡಿಸೈನ್‌ಗೆ ಮಾತ್ರ ಊರು ಬಿಡಬೇಕು.

ಗೇಟ್ ಬರೆಯಲೇಬೇಕಾ?

ಗೇಟ್ ಅಂದರೆ ಸ್ನಾತಕೋತ್ತರ ಪ್ರವೇಶಕ್ಕಿರುವ ದೇಶಮಟ್ಟದ ಪರೀಕ್ಷೆ. ಎಸ್‌ಪಿಎ, ಎನ್‌ಐಟಿ, ಐಐಟಿ ಕಣ್ಣಮುಂದಿದ್ದರೆ ಬರೆಯಿರಿ. ಪೇಪರಿನ ಹೆಸರು ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್, ಸಂಕೇತ ಎಆರ್. ಮೂರು ತಾಸು, 100 ಅಂಕ. ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ, 60 ಎಲ್ಲರಿಗೂ ಸಮಾನವಾದ ಭಾಗಕ್ಕೆ, ಉಳಿದ 25ಕ್ಕೆ ಆರ್ಕಿಟೆಕ್ಚರ್ ಅಥವಾ ಪ್ಲಾನಿಂಗ್ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಪರೀಕ್ಷೆ ಫೆಬ್ರುವರಿಯಲ್ಲಿ, ಫಲಿತಾಂಶ ಮಾರ್ಚಿನಲ್ಲಿ. ಅಂಕ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಕೊನೆಯ ವರ್ಷದಲ್ಲಿ ಬರೆದಿಟ್ಟು ಆಮೇಲೆ ಕೆಲಸಕ್ಕೆ ಸೇರಿದರೂ ನಷ್ಟವಿಲ್ಲ. ಎನ್‌ಐಟಿ, ಎಸ್‌ಪಿಎ ಸೀಟುಗಳು ಸಿಸಿಎಂಟಿ ಕೌನ್ಸೆಲಿಂಗ್ ಮೂಲಕ, ಐಐಟಿಗಳದ್ದು ಸಿಒಎಪಿ ಮೂಲಕ ಹಂಚಿಕೆಯಾಗುತ್ತವೆ. ಇನ್ನೊಂದು ಲಾಭವೆಂದರೆ, ಗೇಟ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುವ ವ್ಯವಸ್ಥೆ ಇದೆ. ಮೆಸ್ ಬಿಲ್ಲು, ಪ್ರಿಂಟಿನ ಖರ್ಚಿಗೆ ಅದು ದೊಡ್ಡ ಆಸರೆ.

ಸೆಪ್ಟ್‌ನದು ತನ್ನದೇ ಅರ್ಜಿ, ತನ್ನದೇ ಆಯ್ಕೆ. ಕರ್ನಾಟಕದ ಎಂ.ಆರ್ಕ್ ಸೀಟುಗಳಿಗೆ ಕೆಇಎ ನಡೆಸುವ ಪಿಜಿಸಿಇಟಿ ಇದೆ.

ಪೋರ್ಟ್‌ಫೋಲಿಯೊದಲ್ಲಿ ಏನೇನಿರಬೇಕು?

ಇದಕ್ಕೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ಮೊದಲ ಸಲ ಬಿದ್ದದ್ದು ಇಲ್ಲೇ.

ನನ್ನ ಮೊದಲ ಪೋರ್ಟ್‌ಫೋಲಿಯೊದಲ್ಲಿ 42 ಪುಟ ಇದ್ದವು. ಒಂದು ಬಂಗಲೆ, ಒಂದು ಆಸ್ಪತ್ರೆ, ಒಂದು ಕನ್ವೆನ್ಷನ್ ಸೆಂಟರ್, ಎಲ್ಲಕ್ಕೂ ಸಂಜೆಯ ಬಣ್ಣದ ರೆಂಡರ್. ಸಂದರ್ಶನದಲ್ಲಿ ಹಿರಿಯರೊಬ್ಬರು ಪುಟ ತಿರುವುತ್ತಾ ಹೋಗಿ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಈ ಆಸ್ಪತ್ರೆಗೆ ಜನ ಎಲ್ಲಿಂದ ಬರುತ್ತಾರೆ?" ನನ್ನ ಹಾಳೆಯಲ್ಲಿ ಗೇಟಿನಾಚೆ ಹಸಿರು ಬಣ್ಣ ಬಳಿದಿದ್ದೆ, ಅಷ್ಟೇ. ರಸ್ತೆ ಇಲ್ಲ, ಆಟೋ ಸ್ಟ್ಯಾಂಡ್ ಇಲ್ಲ, ರೋಗಿಯ ಕಡೆಯವರು ಬುತ್ತಿ ಬಿಚ್ಚಿ ಉಣ್ಣುವ ಕಟ್ಟೆ ಇಲ್ಲ. ಆ ವರ್ಷ ಸೀಟು ಸಿಗಲಿಲ್ಲ. ಪ್ರಶ್ನೆ ನ್ಯಾಯವಾಗಿತ್ತು.

ಹಾಗಾಗಿ ಎಲ್ಲರಿಗೂ ಹೇಳುವುದು: ನಾಲ್ಕೈದು ಕೆಲಸ ಸಾಕು, 20ರಿಂದ 30 ಪುಟ ಸಾಕು. ಸಂಸ್ಥೆ ಪುಟದ ಮಿತಿ ಹಾಕಿದ್ದರೆ ಅದನ್ನು ಮೀರಬೇಡಿ, ಪಿಡಿಎಫ್ ಎಷ್ಟು ಎಂಬಿ ಇರಬೇಕು ಎಂದಿದ್ದರೆ ಅದನ್ನೂ. ಪ್ರತಿ ಕೆಲಸವೂ ನಿವೇಶನದ ಗಡಿಗೆ ನಿಲ್ಲದೆ ಸುತ್ತಲಿನ ಓಣಿಯನ್ನು ತೋರಿಸಲಿ. ಪ್ಲಾನಿಗಿಂತ ಸೆಕ್ಷನ್ (ಜಾಗವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರ) ಹೆಚ್ಚು ಮಾತಾಡುತ್ತದೆ. ಮನೆಯ ಪಡಸಾಲಿಯಿಂದ ಕಟ್ಟೆ, ಗಟಾರು, ರಸ್ತೆ, ಎದುರಿನ ಅಂಗಡಿಯ ತಗಡಿನ ಮುಂಚಾಚಿನವರೆಗೆ ಒಂದೇ ಗೆರೆಯಲ್ಲಿ ಕತ್ತರಿಸಿದ ಸೆಕ್ಷನ್ ಒಂದಿದ್ದರೆ, ನೋಡುವವರಿಗೆ ನಿಮ್ಮ ತಲೆ ಯಾವ ಕಡೆ ಓಡುತ್ತದೆ ಎಂದು ತಿಳಿಯುತ್ತದೆ. ಗುಂಪಿನ ಕೆಲಸವಾಗಿದ್ದರೆ ನಿಮ್ಮ ಪಾಲು ಎಷ್ಟು ಎಂದು ಅದೇ ಪುಟದಲ್ಲಿ ಬರೆಯಿರಿ. ಆಫೀಸಿನ ಕೆಲಸವಾಗಿದ್ದರೆ ಮಾಲೀಕರ ಒಪ್ಪಿಗೆ ಪಡೆಯಿರಿ.

ಯಾವ ಜಾಗ ತೆಗೆದುಕೊಳ್ಳಲಿ? ಮುಂಬೈ, ಬೆಂಗಳೂರಿನ ಸೈಟ್ ಇದ್ದರೆ ತೂಕ ಬರುತ್ತದಲ್ಲವೇ?

ಬರುವುದಿಲ್ಲ. ಆಯ್ಕೆ ಸಮಿತಿಯವರು ಧಾರಾವಿಯನ್ನು, ಚಾಂದನಿ ಚೌಕವನ್ನು ಸಾವಿರ ಸಲ ನೋಡಿದ್ದಾರೆ. ಬೆಟಗೇರಿಯ ನೇಕಾರರ ಓಣಿಯನ್ನು ನೋಡಿಲ್ಲ. ಅದನ್ನು ತೋರಿಸಲು ನಿಮಗಿಂತ ಅರ್ಹರು ಯಾರೂ ಇಲ್ಲ.

ಎರಡನೇ ಸಲ ಅರ್ಜಿ ಹಾಕುವಾಗ ನಾನು ಹುಬ್ಬಳ್ಳಿಯ ದುರ್ಗದ ಬೈಲು ಪೇಟೆಯನ್ನು ಆರಿಸಿಕೊಂಡೆ. ಚಿಕ್ಕಂದಿನಿಂದ ಅವ್ವನ ಕೈ ಹಿಡಿದು ಓಡಾಡಿದ ಜಾಗ, ಅಳತೆಗೆ ಎಷ್ಟು ಹೊತ್ತು ಬೇಕು ಅಂದುಕೊಂಡು 30 ಮೀಟರ್ ಟೇಪು, ಗೆಳತಿಯೊಬ್ಬಳನ್ನು ಕರೆದುಕೊಂಡು ಸಂಜೆ ಹೋದೆ. ಬಳೆ, ಪಿನ್ನು, ರಿಬ್ಬನ್ನು ಮಾರುವ ಒಬ್ಬ ಅಕ್ಕನ ಹಲಗೆಯ ಮುಂದೆ ಟೇಪು ಬಿಚ್ಚಿದ ಕೂಡಲೇ ಆಕೆಯ ಕೈ ನಿಂತಿತು. "ಯಾಕ ಅಳತಿ ತಗೋಳಾಕತ್ತಿ ತಂಗಿ? ಮತ್ತ ನಮ್ಮನ್ನ ಎಬ್ಬಸ್ತಾರೇನ?" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಕೆ ಕಂಡ ಟೇಪುಗಳೆಲ್ಲ ಎಬ್ಬಿಸಲು ಬಂದವೇ. ಟೇಪು ಸುತ್ತಿ ಚೀಲದಲ್ಲಿಟ್ಟು ಆಕೆಯ ಪಕ್ಕದಲ್ಲಿ ಕೂತೆ. ಎರಡು ದಿನ ಸುಮ್ಮನೆ ಕೂತ ಮೇಲೆ ಮೂರನೇ ದಿನ ಆಕೆಯೇ ಟೇಪಿನ ತುದಿ ಹಿಡಿದುಕೊಂಡರು. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಹಲಗೆ. ಆ ಹತ್ತು ಚದರಡಿಯಲ್ಲಿ ಒಂದು ಸಂಸಾರ ನಡೆದಿತ್ತು. ನನ್ನ ಇಡೀ ಯೋಜನೆ ಆ ಹಲಗೆಯ ಅಳತೆಯ ಮೇಲೆ ನಿಂತಿತು: ಬೀದಿಯ ಅಗಲವನ್ನು ಮೊದಲು ಹಲಗೆಗಳಿಗೆ, ನಡೆಯುವವರಿಗೆ ಬಿಟ್ಟು, ಉಳಿದದ್ದನ್ನು ಗಾಡಿಗಳಿಗೆ ಕೊಡುವುದು.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಆಗ ಓದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಸರ್ವೆ ಆಗದೆ ಯಾರನ್ನೂ ಎಬ್ಬಿಸುವಂತಿಲ್ಲ. ನಿಮ್ಮ ಜಾಗಕ್ಕೆ ಸಂಬಂಧಿಸಿದ ಕಾಯ್ದೆ ಯಾವುದೋ ಅದನ್ನು ನೀವೂ ಓದಿ. ಚಿತ್ರದ ಪಕ್ಕದಲ್ಲಿ ಆ ಎರಡು ಸಾಲು ಇದ್ದರೆ ನಿಮ್ಮ ಕೆಲಸಕ್ಕೆ ನೆಲ ಸಿಗುತ್ತದೆ.

ಬೇರೆ ಜಾಗಗಳು ಬೇಕೇ? ಉಣಕಲ್ಲಿನ ಚಂದ್ರಮೌಳೇಶ್ವರ ದೇವಸ್ಥಾನವನ್ನು ಮನೆಗಳು ಮೈಗೆ ಮೈ ತಾಗುವಂತೆ ಸುತ್ತುವರಿದಿವೆ. ಸಂರಕ್ಷಿತ ಸ್ಮಾರಕ ಮತ್ತು ಬದುಕುವ ಓಣಿ ಒಂದೇ ಕಡೆ ಹೇಗೆ ಇರಬೇಕು ಎನ್ನುವುದು ಎರಡು ವರ್ಷದ ಥೀಸಿಸ್‌ಗೆ ಸಾಕಾಗುವ ಪ್ರಶ್ನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ ಊರಿನ ರಸ್ತೆಗಳು ಹೇಗೆ ಬದಲಾಗುತ್ತವೆ, ಮರುದಿನ ಹೇಗೆ ಖಾಲಿಯಾಗುತ್ತವೆ ಎಂದು ಎರಡು ಹಾಳೆಯಲ್ಲಿ ತೋರಿಸಿ. ಗದಗ ಮತ್ತು ಬೆಟಗೇರಿ ಒಂದೇ ನಗರಸಭೆಯಾದರೂ ನಡುವಿನ ಜಾಗ ಎರಡೂ ಊರಿಗೆ ಬೆನ್ನು ಹಾಕಿದಂತೆ ನನಗೆ ಕಾಣುತ್ತದೆ. ಬೆಟಗೇರಿಯ ಹುಡುಗನೊಬ್ಬ ಓಣಿಯ ಉದ್ದ ಯಾಕೆ ಅಷ್ಟು ನೇರ ಎಂದು ಅಜ್ಜನನ್ನು ಕೇಳಿದ್ದ. ಹಿಂದೆ ಮಗ್ಗದ ಹಾಸು ಬಿಗಿಯಲು ಅಷ್ಟು ಉದ್ದ ಬೇಕಾಗುತ್ತಿತ್ತು ಎಂದು ಅಜ್ಜ ಹೇಳಿದ್ದನ್ನೇ ಆತ ಸೆಕ್ಷನ್ನಿನ ಕೆಳಗೆ ಬರೆದ. ಅಂಥ ಮಾತು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಫಿಗರ್-ಗ್ರೌಂಡ್ ನಕ್ಷೆ ಹಾಕಬೇಕು ಅಂತಾರೆ. ಹೇಗೆ ಮಾಡುವುದು?

ಕಟ್ಟಡ ಕಪ್ಪು, ಬಯಲು ಬಿಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಗೆರೆಗಳನ್ನು ಇಳಿಸಿಕೊಂಡು ಕ್ಯೂಜಿಐಎಸ್‌ನಲ್ಲಿ ತೆರೆಯಿರಿ, ಎರಡಕ್ಕೂ ದುಡ್ಡಿಲ್ಲ. ನಮ್ಮ ಊರುಗಳ ಕಟ್ಟಡಗಳು ಅದರಲ್ಲಿ ಪೂರ್ತಿ ಇರುವುದಿಲ್ಲ. ಇಸ್ರೋದ ಭುವನ್ ಚಿತ್ರ ನೋಡಿ ಕೈಯಿಂದ ತುಂಬಬೇಕು. ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್ ಇದೆ.

ಆದರೆ ಅಷ್ಟಕ್ಕೇ ನಿಲ್ಲಬೇಡಿ. 1748ರಲ್ಲಿ ಜಂಬತಿಸ್ತ ನೊಲ್ಲಿ ರೋಮ್ ನಗರದ ನಕ್ಷೆ ಮಾಡಿದಾಗ ಚರ್ಚುಗಳ ಒಳಾಂಗಣವನ್ನೂ ಬೀದಿಯ ಹಾಗೆ ಬಿಳಿಯಾಗಿ ಬಿಟ್ಟ, ಜನ ತಡೆಯಿಲ್ಲದೆ ಒಳಗೆ ಹೋಗುತ್ತಿದ್ದರು ಎಂಬ ಕಾರಣಕ್ಕೆ. ಅದೇ ಕಣ್ಣಿನಿಂದ ಹುಬ್ಬಳ್ಳಿ ನೋಡಿ. ಸಿದ್ಧಾರೂಢ ಮಠದ ಅಂಗಳ ಬಿಳಿ. ಮೂರುಸಾವಿರ ಮಠದ ಅಂಗಳ ಬಿಳಿ. ಗದಗಿನಲ್ಲಿ ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳ ಆವರಣ ಬಿಳಿ. ಮಧ್ಯಾಹ್ನ ಅಲ್ಲಿ ಮಲಗುವ ಹಮಾಲರು, ಅಭ್ಯಾಸ ಮಾಡುವ ಹುಡುಗರು, ಬಸ್ಸಿಗೆ ಕಾಯುವ ಹಳ್ಳಿಯವರು ಇವರೆಲ್ಲ ಆ ಬಿಳಿಯಲ್ಲಿದ್ದಾರೆ. ಮೊದಲು ಕಪ್ಪಗೆ ಕಂಡ ಊರು ಎಷ್ಟು ತೆರೆದುಕೊಳ್ಳುತ್ತದೆ ಎಂದು ಹಾಳೆಯೇ ತೋರಿಸುತ್ತದೆ. ಹೊಸ ಲೇಔಟ್ ಒಂದರ ನಕ್ಷೆ ಪಕ್ಕದಲ್ಲಿಟ್ಟರೆ, ಅಲ್ಲಿ ರಸ್ತೆ ಬಿಟ್ಟು ಬಿಳಿ ಎಲ್ಲೂ ಇರುವುದಿಲ್ಲ.

ಎಸ್‌ಒಪಿ (ಈ ಕೋರ್ಸ್ ಯಾಕೆ ಬೇಕು ಎಂದು ಹೇಳುವ ಬರಹ) ಹೇಗೆ ಬರೆಯಲಿ?

"ಚಿಕ್ಕಂದಿನಿಂದಲೂ ನನಗೆ ಕಟ್ಟಡಗಳೆಂದರೆ ಇಷ್ಟ" ಎಂದು ಶುರು ಮಾಡಬೇಡಿ. ಒಂದು ಜಾಗದಿಂದ ಶುರು ಮಾಡಿ. ನನ್ನದು ಬಳೆ ಮಾರುವ ಅಕ್ಕ ಕೇಳಿದ ಪ್ರಶ್ನೆಯಿಂದ ಶುರುವಾಗಿತ್ತು. ಆಮೇಲೆ ಹೇಳಬೇಕಾದ್ದು ಮೂರು: ಆ ಜಾಗದಲ್ಲಿ ನಿಮಗೆ ತಿಳಿಯದೆ ಉಳಿದದ್ದು ಏನು, ಅದನ್ನು ತಿಳಿಯಲು ಈ ಕೋರ್ಸಿನ ಯಾವ ಸ್ಟುಡಿಯೊ, ಯಾವ ವಿಷಯ ಬೇಕು, ಓದಿ ಬಂದು ಏನು ಮಾಡುತ್ತೀರಿ. ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ, ನಿಮ್ಮ ಮಾತಿನಲ್ಲೇ. ಹೇಳಬೇಕಾದ್ದು ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ಹೊರಳಿಸುವುದು ಎರಡು ಸಂಜೆಯ ಕೆಲಸ. ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿದ್ದನ್ನು ನಾನು ಓದಿದ್ದೇನೆ. ಹಾವೇರಿಯವರದೂ ಹರಿಯಾಣದವರದೂ ಒಂದೇ ಥರ ಇರುತ್ತದೆ.

ಶಿಫಾರಸು ಪತ್ರ ಯಾರಿಂದ?

ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರಿಂದ. ಥೀಸಿಸ್ ಗೈಡ್, ಆಫೀಸಿನ ಆರ್ಕಿಟೆಕ್ಟ್. ಪ್ರಿನ್ಸಿಪಾಲರ ಸಹಿ ಇದ್ದರೆ ಭಾರ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೊನೆಯ ದಿನಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ, ಪೋರ್ಟ್‌ಫೋಲಿಯೊ, ಎಸ್‌ಒಪಿ ಕೈಗಿಟ್ಟು ಕೇಳಿ. ನಮ್ಮ ಗುರುಗಳು "ನೀನ ಬರಕೊಂಡ ಬಾ, ಸಹಿ ಮಾಡ್ತೀನಿ" ಅನ್ನುವುದುಂಟು. ಆಗ ವಿನಯದಿಂದಲೇ, "ಸರ್, ನೀವು ನೋಡಿದ್ದನ್ನ ನಾಲ್ಕ ಸಾಲು ಬರದ್ರ ಸಾಕರಿ" ಎಂದು ಕೇಳಿಕೊಳ್ಳಿ. ಬಹಳಷ್ಟು ಜನ ಬರೆದುಕೊಡುತ್ತಾರೆ.

ಕನ್ನಡ ಮೀಡಿಯಂನಲ್ಲಿ ಓದಿದವಳು. ಸಂದರ್ಶನ ಅಂದರೆ ಎದೆ ಹೊಡೆದುಕೊಳ್ಳುತ್ತದೆ.

ಹತ್ತನೇ ಇಯತ್ತೆವರೆಗೆ ನಾನೂ ಕನ್ನಡ ಶಾಲೆಯಲ್ಲೇ ಓದಿದ್ದು. ಸಂದರ್ಶನದಲ್ಲಿ ನಿಮ್ಮ ವ್ಯಾಕರಣ ತಿದ್ದಲು ಯಾರೂ ಕೂತಿರುವುದಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಮಾತಾಡಿ. ಕಟ್ಟೆ, ಪಡಸಾಲಿ, ಓಣಿ, ಬೈಲು ಎಂಬ ಪದಗಳಿಗೆ ಇಂಗ್ಲಿಷ್ ಹುಡುಕುತ್ತಾ ತಡವರಿಸಬೇಡಿ, ಅವನ್ನೇ ಹೇಳಿ, ಏನೆಂದು ಕೈಯಿಂದ ಬಿಡಿಸಿ ತೋರಿಸಿ. ಓಣಿ ಅಂದರೆ ಬರೀ ಇಕ್ಕಟ್ಟಾದ ರಸ್ತೆಯಲ್ಲ, ಒಬ್ಬರಿಗೊಬ್ಬರು ಗುರುತಿರುವ ಮನೆಗಳ ಸಾಲು ಅದು. ಇದನ್ನು ವಿವರಿಸಬಲ್ಲವರಿಗೆ ಅರ್ಬನ್ ಡಿಸೈನ್‌ನ ಅರ್ಧ ಪಾಠ ಮೊದಲೇ ಗೊತ್ತಿದೆ. ಗೆಳೆಯರ ಮುಂದೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿ, ಗಡಿಯಾರ ಇಟ್ಟುಕೊಂಡು.

ಮೊದಲು ಕೆಲಸ ಮಾಡಲೋ, ನೇರವಾಗಿ ಓದಲೋ?

ಕೆಲಸ ಮಾಡಿ. ಒಂದು ವರ್ಷ, ಸಾಧ್ಯವಾದರೆ ಎರಡು. ಹುಬ್ಬಳ್ಳಿಯ ಸಣ್ಣ ಆಫೀಸಾದರೂ ಪರವಾಗಿಲ್ಲ. ಪಾಲಿಕೆಯಲ್ಲಿ ಪ್ಲಾನ್ ಪಾಸ್ ಮಾಡಿಸಲು ಓಡಾಡಿದವರಿಗೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಜಾಗ ಬಿಡುವುದು) ಎಂಬ ಒಂದು ನಿಯಮ ಇಡೀ ಓಣಿಯ ಮುಖವನ್ನು ಹೇಗೆ ಬದಲಿಸುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಮುಂದಿನ ಕಟ್ಟೆ ಹೋಗುತ್ತದೆ, ಕಾಂಪೌಂಡ್ ಗೋಡೆ ಬರುತ್ತದೆ, ಸಂಜೆ ಕೂರುತ್ತಿದ್ದ ಹಿರಿಯರು ಒಳಗೆ ಟಿವಿ ಮುಂದೆ ಸೇರುತ್ತಾರೆ. ಲೇಔಟ್ ನಕ್ಷೆ ಬಿಡಿಸಿದವರಿಗೆ ಪಾರ್ಕು, ಸಿಎ ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಯಾವಾಗಲೂ ಮೂಲೆಗೆ ಯಾಕೆ ಹೋಗುತ್ತವೆ ಎಂದು ತಿಳಿದಿರುತ್ತದೆ. ಈ ತಿಳಿವಳಿಕೆ ಇಟ್ಟುಕೊಂಡು ತರಗತಿಗೆ ಹೋದರೆ ಕೇಳುವ ಪ್ರಶ್ನೆಗಳೇ ಬೇರೆ ಆಗಿರುತ್ತವೆ.

ವಿದೇಶಕ್ಕೆ ಹೋಗುವುದಾದರೆ?

ಅಮೆರಿಕದ ಅರ್ಜಿಗಳು ಸಾಮಾನ್ಯವಾಗಿ ಡಿಸೆಂಬರ್-ಜನವರಿಯಲ್ಲಿ ಮುಗಿಯುತ್ತವೆ, ತರಗತಿ ಆಗಸ್ಟ್-ಸೆಪ್ಟೆಂಬರಿನಲ್ಲಿ. ಬ್ರಿಟನ್ನಿನಲ್ಲಿ ಕೋರ್ಸು ಹೆಚ್ಚಾಗಿ ಒಂದು ವರ್ಷದ್ದು. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಅರ್ಬನಿಸಂ ಎರಡು ವರ್ಷ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೂ ಅರ್ಬನ್ ಡಿಸೈನ್ ಇದೆ. ನಮ್ಮ ಹವೆ, ನಮ್ಮ ಜನದಟ್ಟಣೆಗೆ ಅದು ಹತ್ತಿರ ಎಂಬುದು ನನ್ನ ಅನಿಸಿಕೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ತೀರಾ ಮುಂಚೆ ಬರೆದು ಕಳೆದುಕೊಳ್ಳಬೇಡಿ. ವಿಟಿಯು ವಿದ್ಯಾರ್ಥಿಗಳು ಟ್ರಾನ್ಸ್‌ಕ್ರಿಪ್ಟ್‌ಗೆ ಬೇಗ ಅರ್ಜಿ ಹಾಕಿ. ಕೊನೆಯ ವಾರ ಬೆಳಗಾವಿಗೆ ಓಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ದುಡ್ಡಿನ ವ್ಯವಸ್ಥೆ ಹೇಗೆ? ನಮ್ಮದು ಹೊಲ-ಮನೆ ಅಷ್ಟೇ.

ಸರಕಾರಿ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಗೇಟ್ ವಿದ್ಯಾರ್ಥಿವೇತನದ ಜೊತೆ ತೂಗಿಸಬಹುದು. ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಒಂದಕ್ಕಿಂತ ಹೆಚ್ಚು ಬ್ಯಾಂಕಿಗೆ ಅರ್ಜಿ ಹಾಕಬಹುದು. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಗ್ಯಾರಂಟಿ ನಿಧಿಯ ಆಸರೆ ಇರುವುದರಿಂದ ಆಸ್ತಿ ಅಡವು ಇಡದೆಯೂ ಸಾಲ ಸಿಗುತ್ತದೆ, ಮ್ಯಾನೇಜರ್ ಹತ್ತಿರ ಇದನ್ನು ಹೆಸರಿಟ್ಟು ಕೇಳಿ. ಅದಕ್ಕಿಂತ ಹೆಚ್ಚಾದರೆ ಬಹಳ ಸಲ ಅಡವು ಕೇಳುತ್ತಾರೆ, ಮತ್ತು ಹೊಲದ ಉತಾರ ತೋರಿಸಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಎನ್‌ಎ (ಕೃಷಿಯೇತರ) ಆದ ಪ್ಲಾಟು, ಮನೆ ಬೇಕು. ಮನೆಯ ಕಾಗದಪತ್ರ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಲು ಹೊತ್ತು ಹಿಡಿಯುತ್ತದೆ. ಸೀಟು ಸಿಕ್ಕ ಮೇಲೆ ನೋಡೋಣ ಎಂದು ಕೂರಬೇಡಿ.

ವಿದೇಶಕ್ಕೆ ಹೋಗುವವರಿಗೆ 1892ರಿಂದ ನಡೆದು ಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್ ಸಾಲ-ವಿದ್ಯಾರ್ಥಿವೇತನ ಕೊಡುತ್ತದೆ. ಬ್ರಿಟನ್ನಿಗೆ ಚೀವನಿಂಗ್ ಇದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಿ ಇರಬೇಕು. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಇದೆ. ಮೂರು ವರ್ಷದ ಅನುಭವ ಕೇಳುತ್ತಾರೆ, ನಗರ ಯೋಜನೆ ಅದರ ವಿಷಯಗಳಲ್ಲೊಂದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅರ್ಹರಿದ್ದವರು ಹಾಕದೆ ಬಿಡುವುದನ್ನು ನೋಡಿ ಸಂಕಟವಾಗುತ್ತದೆ. ದಯವಿಟ್ಟು ಹಾಕಿ.

"ಹುಡುಗಿನ್ನ ಅಷ್ಟ ದೂರ ಒಬ್ಬಾಕಿನ್ನ ಹ್ಯಾಂಗ ಕಳಸೋದ್ರಿ?" (ತಾಯಿಯೊಬ್ಬರ ಪ್ರಶ್ನೆ)

ಅಕ್ಕಾರ, ನನ್ನ ಅವ್ವನೂ ಇದನ್ನೇ ಕೇಳಿದ್ದರು. ಹುಬ್ಬಳ್ಳಿ ಸ್ಟೇಷನ್ನಿನಿಂದ ಅಹಮದಾಬಾದಿಗೆ ನೇರ ರೈಲಿದೆ, ದೆಹಲಿಗೆ ಸಂಪರ್ಕ ಕ್ರಾಂತಿ ಇಲ್ಲಿಂದಲೇ ಹಾದುಹೋಗುತ್ತದೆ. ಮೊದಲ ಸಲ ನೀವೂ ಜೊತೆಗೆ ಹೋಗಿ, ಹಾಸ್ಟೆಲ್ ನೋಡಿ, ವಾರ್ಡನ್ ಹತ್ತಿರ ಮಾತಾಡಿ, ಕ್ಯಾಂಪಸ್ಸಿನಿಂದ ಹಾಸ್ಟೆಲ್ಲಿಗೆ ರಾತ್ರಿ ಹತ್ತಕ್ಕೆ ಒಮ್ಮೆ ನಡೆದು ನೋಡಿ. ಸ್ಟುಡಿಯೊ ಕೆಲಸ ರಾತ್ರಿ ತಡವಾಗಿ ಮುಗಿಯುವುದು ನಿಜ, ಮುಚ್ಚಿಡುವುದಿಲ್ಲ. ನನ್ನ ಅವ್ವ ಹಾಗೆ ನಡೆದು ನೋಡಿ, ದೀಪ ಎಲ್ಲಿ ಉರಿಯುವುದಿಲ್ಲ ಎಂದು ಲೆಕ್ಕ ಹಾಕಿ ವಾರ್ಡನ್ನಿಗೆ ಹೇಳಿ ಬಂದರು. ಮುಂದೆ ಬೀದಿಗಳ ಬಗ್ಗೆ ನಾನು ಕಲಿತದ್ದರಲ್ಲಿ ಅದೂ ಸೇರಿದೆ.

ಓದಿದ ಮೇಲೆ ಕೆಲಸ?

ಬೆಂಗಳೂರು, ಮುಂಬೈ, ಅಹಮದಾಬಾದಿನ ಅರ್ಬನ್ ಡಿಸೈನ್ ಆಫೀಸುಗಳು, ರಸ್ತೆ ಮತ್ತು ಸಾರಿಗೆಯ ಸಲಹಾ ಸಂಸ್ಥೆಗಳು, ಬೋಧನೆ. ಸರಕಾರಿ ಹುದ್ದೆ ಮನಸ್ಸಿನಲ್ಲಿದ್ದರೆ ಒಂದು ಎಚ್ಚರಿಕೆ: ನಗರ ಯೋಜಕರ ಹುದ್ದೆಗೆ ಕರೆದ ಅಧಿಸೂಚನೆಯಲ್ಲಿ ಪ್ಲಾನಿಂಗ್ ಪದವಿ ಎಂದಿದ್ದರೆ ಅರ್ಬನ್ ಡಿಸೈನ್ ಪದವಿ ನಡೆಯದೇ ಇರಬಹುದು. ಕೋರ್ಸ್ ಆರಿಸುವ ಮೊದಲೇ ಹಳೆಯ ಅಧಿಸೂಚನೆಗಳನ್ನು ಓದಿ ನೋಡಿ.

ಊರಿಗೆ ಮರಳುವವರಿಗೆ ದಾರಿ ನಿಧಾನ. ನಾನು ಮೊದಲ ಎರಡು ವರ್ಷ ಮನೆಗಳನ್ನೇ ಮಾಡಿದೆ. ಆದರೆ ಹುಬ್ಬಳ್ಳಿ-ಧಾರವಾಡ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಮಾರುಕಟ್ಟೆ, ಕೆರೆ ದಂಡೆ, ರಸ್ತೆ ಎಲ್ಲ ಹೊಸದಾಗುತ್ತಾ ಬಂತು. ಈ ಕೆಲಸಗಳ ನಕ್ಷೆ ಹೊರಗಿನವರ ಮೇಜಿನ ಮೇಲೆ ತಯಾರಾಗಿ ಬಂದಾಗ, ದುರ್ಗದ ಬೈಲಿನ ಹಲಗೆಯ ಅಳತೆ ಗೊತ್ತಿರುವವರು ಆ ಕೋಣೆಯಲ್ಲಿ ಒಬ್ಬರಾದರೂ ಇರಬೇಕು. ನೀವು ಈ ಕೋರ್ಸ್ ಓದಬೇಕು ಎಂದು ನಾನು ಇಷ್ಟು ಬರೆಯುತ್ತಿರುವುದು ಅದಕ್ಕೇ.

ಸೀಟು ಸಿಗದಿದ್ದರೆ?

ಮುಂದಿನ ವರ್ಷ ಮತ್ತೆ ಹಾಕಿ. ಯಾಕೆ ಆಗಲಿಲ್ಲ ಎಂದು ಸಂಸ್ಥೆಗೆ ಸೌಜನ್ಯದಿಂದ ಪತ್ರ ಬರೆಯಿರಿ, ಕೆಲವರು ಉತ್ತರಿಸುತ್ತಾರೆ.

ಈ ರವಿವಾರವೇ ಏನಾದರೂ ಶುರು ಮಾಡಬೇಕೆಂದರೆ?

ನಿಮ್ಮ ಮನೆಯ ಹತ್ತಿರದ ಪೇಟೆ ಬೀದಿಯ 100 ಮೀಟರ್ ಆರಿಸಿಕೊಳ್ಳಿ. 1:200 ಅಳತೆಯಲ್ಲಿ ಅದು 50 ಸೆಂಟಿಮೀಟರ್ ಆಗುತ್ತದೆ, ಒಂದು ಎ2 ಹಾಳೆಯಲ್ಲಿ ಕೂರುತ್ತದೆ. ಮೊದಲು ಎರಡೂ ಬದಿಯ ಅಂಗಡಿ, ಕಟ್ಟೆ, ಗಟಾರು, ಕಂಬ, ಮರ ಬಿಡಿಸಿ. ಅದರ ಮೂರು ಪ್ರತಿ ತೆಗೆಸಿ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ಹೋಗಿ, ನಿಂತವರನ್ನು, ಕೂತವರನ್ನು, ಮಾರುವವರನ್ನು ಬೇರೆ ಬೇರೆ ಗುರುತಿನಿಂದ ಪೆನ್ಸಿಲ್ಲಿನಲ್ಲಿ ಹಾಕಿ. ಅಳತೆ ತೆಗೆಯುವ ಮುಂಚೆ ಅಲ್ಲಿಯವರಿಗೆ ಯಾಕೆಂದು ಹೇಳಿ. ಏಪ್ರಿಲ್ ತಿಂಗಳಾದರೆ ಮಧ್ಯಾಹ್ನದ ಹಾಳೆಯಲ್ಲಿ ಜನರ ಚುಕ್ಕೆಗಳೆಲ್ಲ ಒಂದೇ ಬದಿಗೆ ಸೇರಿರುತ್ತವೆ. ನೆರಳು ಎಲ್ಲಿದೆ ಎಂದು ಬೇರೆ ಗುರುತು ಹಾಕಬೇಕಾಗಿಯೇ ಬರುವುದಿಲ್ಲ.